ಹಿಮದಲ್ಲಿ ಎರಡನೇ ಟೇಕ್ ಇಲ್ಲ: ಇನಾರಿಯಲ್ಲಿ ಮಿಸ್ಟರಿ ಸಿನಿಮಾದ ಕಂಟಿನ್ಯುಟಿ ನೋಡಿಕೊಳ್ಳೋದು ಹೇಗೆ?

ಮೊದಲನೆಯದಾಗಿ, ಬಾಲ್‌ಪೆನ್ ಬೇಡ. ಪೆನ್ಸಿಲ್ ಇಟ್ಟುಕೊಳ್ಳಿ.

ಮೈನಸ್ 20 ಡಿಗ್ರಿಯಲ್ಲಿ ಪೆನ್ನಿನ ಇಂಕು ಗಟ್ಟಿಯಾಗಿ ಕೂತುಬಿಡುತ್ತದೆ. ನಾನು ಇನಾರಿಗೆ ಹೋದ ಮೊದಲ ದಿನ ಜೇಬಿನಲ್ಲಿ ನಾಲ್ಕು ಬಣ್ಣದ ಏಳು ಪೆನ್ನು ಇದ್ದವು. ಹನ್ನೊಂದಕ್ಕೆ ಮೊದಲ ಶಾಟ್. ಹನ್ನೊಂದೂಕಾಲಿಗೆ ಏಳೂ ಪೆನ್ನು ಕೈಕೊಟ್ಟಿದ್ದವು. ಸೆಟ್ ಕಟ್ಟುತ್ತಿದ್ದ ಹುಡುಗನ ಕಿವಿಯ ಹಿಂದೆ ಒಂದು ಮೋಟು ಪೆನ್ಸಿಲ್ ಇತ್ತು. ಅದನ್ನೇ ಇಸಿದುಕೊಂಡು ಆ ದಿನದ ರಿಪೋರ್ಟ್ ಬರೆದೆ. ಆಮೇಲೆ ಅದನ್ನು ವಾಪಸ್ ಕೊಡಲೇ ಇಲ್ಲ.

ನನ್ನ ಕೆಲಸ ಕಂಟಿನ್ಯುಟಿ. ಅಂದರೆ ಒಂದು ಶಾಟ್‌ನಲ್ಲಿ ನಟಿಯ ಎಡಗೈಯಲ್ಲಿದ್ದ ಲೋಟ ಮುಂದಿನ ಶಾಟ್‌ನಲ್ಲಿ ಬಲಗೈಗೆ ಬಂದರೆ ಬೈಸಿಕೊಳ್ಳುವವಳು ನಾನು. ಫಿನ್ಲೆಂಡಿನ ಉತ್ತರ ತುದಿಯ ಇನಾರಿಯಲ್ಲಿ ಎರಡು ಚಳಿಗಾಲ ಒಂದು ಸಣ್ಣ ಮಿಸ್ಟರಿ ಸಿನಿಮಾಗೆ ಕೆಲಸ ಮಾಡಿದೆ. ಹದಿಮೂರು ಜನರ ತಂಡ. ಕಥೆ ಇಷ್ಟೇ: ಅಂಚೆ ಹಂಚುವ ಹೆಂಗಸೊಬ್ಬಳು ಕಾಣೆಯಾಗುತ್ತಾಳೆ. ಅವಳ ಹೆಜ್ಜೆ ಗುರುತು ಹೆಪ್ಪುಗಟ್ಟಿದ ಸರೋವರದ ನಡುವೆ ನಿಂತುಹೋಗಿರುತ್ತದೆ. ತಂಗಿ ಹುಡುಕಿಕೊಂಡು ಬರುತ್ತಾಳೆ.

ಬೇರೆ ಥರದ ಸಿನಿಮಾದಲ್ಲಿ ಕಂಟಿನ್ಯುಟಿ ತಪ್ಪಿದರೆ ಅದು ಬರೀ ತಪ್ಪು. ಯಾರೋ ಒಬ್ಬರು ನಕ್ಕು ಸುಮ್ಮನಾಗುತ್ತಾರೆ. ಮಿಸ್ಟರಿಯಲ್ಲಿ ಹಾಗಲ್ಲ. ನೋಡುವವರು ಮೊದಲ ನಿಮಿಷದಿಂದಲೇ ಅನುಮಾನದ ಕಣ್ಣಲ್ಲಿ ಕೂತಿರುತ್ತಾರೆ. ನೀವು ಮರೆತ ಕೈಗವಸು ಅವರಿಗೆ ಸುಳಿವಾಗಿ ಕಾಣುತ್ತದೆ. ಅದರ ಮೇಲೆ ಹಿಮ ಬೇರೆ. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಓಡಿದರೋ ನಡೆದರೋ, ಎಲ್ಲವನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ಅಲ್ಲಿ ನಿಮಗಿಂತ ದೊಡ್ಡ ಕಂಟಿನ್ಯುಟಿಯವಳು ಈ ನೆಲವೇ. ಅದರ ಜೊತೆ ಜಗಳ ಆಡದೆ ಕೆಲಸ ಮಾಡುವುದು ಹೇಗೆ ಅಂತ ನಾನು ಕಲಿತಷ್ಟನ್ನು ಹೇಳುತ್ತೇನೆ.

ಬೆಳಕಿನ ಲೆಕ್ಕ ಮೊದಲು

ಶೆಡ್ಯೂಲ್ ಕೈಗೆ ಬಂದ ಕೂಡಲೇ ಸೂರ್ಯನ ಲೆಕ್ಕ ಹಾಕಿ. ಇನಾರಿ ಹಳ್ಳಿ ಇರುವುದು ಸುಮಾರು 69 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಮೊದಲ ವಾರದಿಂದ ಜನವರಿ ಎರಡನೇ ವಾರದ ತನಕ, ಹೆಚ್ಚುಕಡಿಮೆ, ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಫಿನ್ನಿಶ್ ಭಾಷೆಯಲ್ಲಿ ಈ ಕಾಲಕ್ಕೆ ಕಾಮೊಸ್ ಅನ್ನುತ್ತಾರೆ. ಇದನ್ನು ಕೇಳಿದ ನಮ್ಮ ನಿರ್ಮಾಪಕರು, "ಹಾಗಾದರೆ ಇಡೀ ದಿನ ರಾತ್ರಿ ಸೀನೇ ತೆಗೀಬಹುದಲ್ವಾ?" ಅಂತ ಖುಷಿಪಟ್ಟಿದ್ದರು.

ಆಗುವುದಿಲ್ಲ. ಡಿಸೆಂಬರ್ 21ರ ಮಧ್ಯಾಹ್ನ ಅಲ್ಲಿ ಸೂರ್ಯ ದಿಗಂತಕ್ಕಿಂತ ಎರಡೂಕಾಲು ಡಿಗ್ರಿಯಷ್ಟು ಮಾತ್ರ ಕೆಳಗಿರುತ್ತಾನೆ. ಬಾಗಿಲಾಚೆ ನಿಂತವನ ಹಾಗೆ. ಬೆಳಿಗ್ಗೆ ಸುಮಾರು ಮುಕ್ಕಾಲು ಹತ್ತರಿಂದ ಮಧ್ಯಾಹ್ನ ಎರಡೂವರೆ ತನಕ ಮುಸ್ಸಂಜೆಯಂಥ ಬೆಳಕು ಇರುತ್ತದೆ. ತೆಂಕಣ ದಿಕ್ಕಿನಲ್ಲಿ ಕೆಂಪು ಗೀರು, ಮೇಲೆಲ್ಲ ನೀಲಿ. ಲೆಕ್ಕ ಸುಲಭ. 90ರಲ್ಲಿ ಊರಿನ ಅಕ್ಷಾಂಶ ಕಳೆಯಿರಿ, ಉಳಿದದ್ದರಲ್ಲಿ 23.4 ಕಳೆಯಿರಿ. ಬಂದದ್ದು ಚಳಿಗಾಲದ ಅತಿ ಚಿಕ್ಕ ದಿನದ ಮಧ್ಯಾಹ್ನ ಸೂರ್ಯ ಇರುವ ಎತ್ತರ. ಅದು ಮೈನಸ್ 6ರ ಒಳಗಿದ್ದರೆ ಹಗಲಿನ ಸೀನ್‌ಗೆ ಒಂದಿಷ್ಟು ಬೆಳಕು ಸಿಗುತ್ತದೆ. ಸ್ವಾಲ್‌ಬಾರ್ಡ್ ದ್ವೀಪದ ಲಾಂಗ್‌ಯಿಯರ್‌ಬೈನಲ್ಲಿ ಇದೇ ಲೆಕ್ಕ ಮೈನಸ್ 11 ದಾಟುತ್ತದೆ. ಅಲ್ಲಿ ನಡುಮಧ್ಯಾಹ್ನವೂ ಕತ್ತಲೇ.

ಕಾಮೊಸ್ ಬೆಳಕು ನೋಡಲು ಚೆಂದ, ಕ್ಯಾಮೆರಾದವರು ಬಿದ್ದು ಸಾಯುತ್ತಾರೆ. ಆದರೆ ಮಿಸ್ಟರಿಗೆ ಅದರಲ್ಲೊಂದು ತೊಂದರೆ ಇದೆ. ಆ ಬೆಳಕಿಗೆ ನೆರಳಿಲ್ಲ. ನೆರಳಿಲ್ಲದೆ ಹಿಮದ ಮೇಲಿನ ಹೆಜ್ಜೆ ಗುರುತು ಕಾಣುವುದಿಲ್ಲ! ಕಣ್ಣಿಗೇ ಕಷ್ಟ, ಕ್ಯಾಮೆರಾಗೆ ಇನ್ನೂ ಕಷ್ಟ. ನಾವು ಡಿಸೆಂಬರ್‌ನಲ್ಲಿ ಒಂದಿಡೀ ದಿನ ಕಾಣೆಯಾದವಳ ಹೆಜ್ಜೆಗಳನ್ನು ಚಿತ್ರೀಕರಿಸಿದೆವು. ಸಂಜೆ ಮಾನಿಟರ್‌ನಲ್ಲಿ ನೋಡಿದರೆ ಬಿಳಿ ಹಾಳೆ. ಹೆಜ್ಜೆ ತೋರಬೇಕಾದ ಶಾಟ್‌ಗಳನ್ನೆಲ್ಲ ಫೆಬ್ರವರಿಗೆ ತಳ್ಳಬೇಕಾಯಿತು. ಫೆಬ್ರವರಿ 10ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಆರೂವರೆ ಡಿಗ್ರಿಯಷ್ಟು ಮೇಲೆ ಬಂದಿರುತ್ತಾನೆ. ಆಗ ಆಳಿನ ನೆರಳು ಆಳಿನ ಎಂಟೂವರೆ ಪಟ್ಟು ಉದ್ದ. ಒಂದೊಂದು ಹೆಜ್ಜೆಯೂ ಬಾವಿಯ ಹಾಗೆ ಕಾಣುತ್ತದೆ. ಅಷ್ಟು ದಿನ ಕಾಯಲು ಆಗದಿದ್ದರೆ ನೆಲಮಟ್ಟದಲ್ಲಿ, ಪಕ್ಕದಿಂದ ಒಂದು ದೀಪ ಇಡಿಸಿ. ಮೇಲಿನಿಂದ ಮಾತ್ರ ಬೇಡ.

ಮಾರ್ಚ್‌ನಲ್ಲಿ ಇನ್ನೊಂದು ಪೀಕಲಾಟ. ಆಗ ಅಲ್ಲಿ ದಿನವೊಂದಕ್ಕೆ ಸುಮಾರು 8 ನಿಮಿಷ ಹಗಲು ಬೆಳೆಯುತ್ತದೆ. ಮೂರು ವಾರದ ಶೂಟಿಂಗ್ ಅಂದರೆ ಹೆಚ್ಚುಕಡಿಮೆ ಮೂರು ಗಂಟೆ. ಮೊದಲ ವಾರ ಸಂಜೆ ಐದೂವರೆಗೆ ತೆಗೆದ ಸೀನಿನ ಉಳಿದರ್ಧವನ್ನು ಮೂರನೇ ವಾರ ಅದೇ ಐದೂವರೆಗೆ ತೆಗೆದರೆ ಹೊಂದುವುದಿಲ್ಲ. ಅದಕ್ಕೇ ರಿಪೋರ್ಟ್‌ನಲ್ಲಿ ಗಡಿಯಾರದ ಹೊತ್ತಿನ ಜೊತೆ "ಸೂರ್ಯ ಮುಳುಗಲು ಇಷ್ಟು ನಿಮಿಷ" ಅಂತ ಒಂದು ಕಾಲಂ ಹಾಕಿ. ನಾನು ಇನ್ನೂ ಒಂದು ಕಾಲಂ ಹಾಕುತ್ತೇನೆ, ನೆರಳು ಯಾವ ದಿಕ್ಕಿಗೆ ಅಂತ. ಚಂದ್ರನ ನೆರಳೂ ಸೇರಿ. ನಡುಚಳಿಗಾಲದ ಹುಣ್ಣಿಮೆಯ ಆಸುಪಾಸು ಅಲ್ಲಿ ಚಂದ್ರ ಒಮ್ಮೊಮ್ಮೆ ಮುಳುಗುವುದೇ ಇಲ್ಲ, ಸುಮ್ನೆ ಸುತ್ತು ಹಾಕುತ್ತಾನೆ. ಹಿಮದ ಮೇಲೆ ಅವನ ನೆರಳೂ ಚೂಪಾಗಿ ಬೀಳುತ್ತದೆ.

ಹಿಮದ ನಕ್ಷೆ

ಇದು ಈ ಕೆಲಸದ ಜೀವ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಬೆಳಿಗ್ಗೆ ತಂಡದವರು ವ್ಯಾನ್ ಇಳಿಯುವ ಮೊದಲು ನೀವು ಇಳಿಯಬೇಕು. ಜಾಗದ ನಕ್ಷೆಯೊಂದನ್ನು ಕೈಯಲ್ಲೇ ಬರೆಯಿರಿ. ಮೂರು ಗುರುತು ಸಾಕು. ಮುಟ್ಟಬಾರದ ನೆಲಕ್ಕೆ ಗೆರೆ ಎಳೆಯಿರಿ. ಒಮ್ಮೆ ಮಾತ್ರ ತುಳಿಯಬಹುದಾದ ನೆಲಕ್ಕೆ ಚುಕ್ಕಿ ಇಡಿ. ಯಾರು ಬೇಕಾದರೂ ಓಡಾಡುವ ಜಾಗವನ್ನು ಖಾಲಿ ಬಿಡಿ. ತಂಡ ಒಳಬರುವುದು ಒಂದೇ ದಾರಿಯಲ್ಲಿ, ಕ್ಯಾಮೆರಾದ ಬೆನ್ನ ಹಿಂದಿನಿಂದ, ಒಬ್ಬರ ಹಿಂದೆ ಒಬ್ಬರು. ಊಟದ ಜಾಗ, ಬ್ಯಾಟರಿ ಜಾಗ, ಬೆಂಕಿಯ ಜಾಗ ಎಲ್ಲ ಖಾಲಿ ಬಿಟ್ಟ ಕಡೆ. ಮತ್ತೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದಕ್ಕೆ ಹೋಗುವ ದಾರಿಯನ್ನೂ ನಕ್ಷೆಯಲ್ಲಿ ಹಾಕಿ. ನಮ್ಮ ಅತಿ ಒಳ್ಳೆಯ ವೈಡ್ ಶಾಟ್ ಒಂದು ಹಾಳಾದದ್ದು ಲೈಟಿನ ಹುಡುಗನೊಬ್ಬ ಮರ್ಯಾದೆಯಿಂದ ದೂರ ಹೋಗಿ ಒಂಟಿ ಪೈನ್ ಮರದ ಹಿಂದೆ ನಿಂತದ್ದಕ್ಕೆ. ಪಾಪ, ಅವನ ತಪ್ಪಲ್ಲ. ಬೇರೆ ಮರ ತೋರಿಸಬೇಕಾದವಳು ನಾನು.

ಶಾಟ್‌ಗಳ ಸಾಲು ಕೂಡ ಹಿಮವೇ ಹೇಳಿದಂತೆ. ಮೊದಲು ವೈಡ್, ಆಮೇಲೆ ಹತ್ತಿರದ್ದು. ಡ್ರೋನ್ ಶಾಟ್ ಇದ್ದರೆ ಅದು ಎಲ್ಲಕ್ಕಿಂತ ಮೊದಲು, ಒಂದು ಸ್ನೋಮೊಬೈಲೂ ಓಡುವುದಕ್ಕೆ ಮುಂಚೆ. ಅದರ ಪಟ್ಟೆಗಳು ಹೊಸ ಹಿಮ ಬೀಳುವ ತನಕ ಹೋಗುವುದಿಲ್ಲ. ರಿಹರ್ಸಲ್‌ಗೆ ಬೇರೆ ನೆಲ ಹುಡುಕಿ. ಅಷ್ಟೇ ಉದ್ದ, ಅಷ್ಟೇ ಇಳಿಜಾರು ಇರುವ ಪಕ್ಕದ ಜಾಗ. ಅಲ್ಲಿ ನಟಿ ಎಷ್ಟು ಸಲ ಬೇಕಾದರೂ ನಡೆಯಲಿ.

ಬೂಟಿನ ತಳದ ಫೋಟೋ ತೆಗೆದಿಟ್ಟುಕೊಳ್ಳಿ. ಕಾಣೆಯಾದವಳ ಬೂಟು, ತಂಗಿಯ ಬೂಟು, ಅನುಮಾನದ ಮನುಷ್ಯನ ಬೂಟು, ಮೂರಕ್ಕೂ ತಳದ ಅಚ್ಚು ಬೇರೆ ಬೇರೆ ಇರಬೇಕು. ಕಾಸ್ಟ್ಯೂಮ್‌ನವರು ಬಣ್ಣ ನೋಡುತ್ತಾರೆ, ತಳ ನೋಡುವುದಿಲ್ಲ. ನಮ್ಮಲ್ಲಿ ಇಬ್ಬರಿಗೆ ಒಂದೇ ಕಂಪನಿಯ ಬೂಟು ತಂದಿದ್ದರು. ಒಂದು ಜೊತೆಯ ತಳವನ್ನು ಚಾಕುವಿನಲ್ಲಿ ಕೆತ್ತಿ ಬೇರೆ ಮಾಡಿದೆವು. ಡ್ಯೂಪ್ ನಡೆಯುವುದಾದರೆ ಅವರ ತೂಕವೂ ಸುಮಾರಾಗಿ ಅಷ್ಟೇ ಇರಬೇಕು. ಇಪ್ಪತ್ತು ಕಿಲೋ ಜಾಸ್ತಿ ಇದ್ದರೆ ಹೆಜ್ಜೆಯ ಆಳ ಹೇಳಿಬಿಡುತ್ತದೆ.

ಹಿಮ ಎಲ್ಲ ದಿನ ಒಂದೇ ಥರ ಇರುವುದಿಲ್ಲ. ಮೈನಸ್ 25ರಲ್ಲಿ ಅದು ಸಕ್ಕರೆಯ ಹಾಗೆ ಜಾರುತ್ತದೆ, ಹೆಜ್ಜೆಗೆ ಅಂಚು ನಿಲ್ಲುವುದಿಲ್ಲ, ಬರೀ ಗುಳಿ. ಮೈನಸ್ 3, 4ರಲ್ಲಿ ಬೂಟಿನ ತಳದ ಅಚ್ಚು ಅಕ್ಷರದ ಹಾಗೆ ಮೂಡುತ್ತದೆ. ಗುರುತಿನ ಕ್ಲೋಸಪ್ ಬೇಕಾದರೆ ಅಂಥ ದಿನಕ್ಕೆ ಕಾಯಿರಿ. ಸಣ್ಣದೊಂದು ತುಂಡು ನೆಲ ಹಾಳಾದರೆ ಒಣ ಹಿಮವನ್ನು ಹಿಟ್ಟು ಜರಡಿ ಹಿಡಿದ ಹಾಗೆ ಮೇಲಿನಿಂದ ಉದುರಿಸಿ. ಹತ್ತಿರದ ಶಾಟ್‌ಗೆ ನಡೆಯುತ್ತದೆ. ಸಲಿಕೆಯಿಂದ ಮುಚ್ಚಲು ಹೋಗಬೇಡಿ, ಗಾಯಕ್ಕೆ ತೇಪೆ ಹಾಕಿದಂತೆ ಕಾಣುತ್ತದೆ.

ಸರೋವರದ ನಡುವೆ ಹೆಜ್ಜೆ ನಿಂತುಹೋಗುವ ಶಾಟ್ ಇತ್ತಲ್ಲ, ಅದು ನಮ್ಮನ್ನು ನಾಲ್ಕು ದಿನ ಅಳಿಸಿತು. ನಟಿ ಅಲ್ಲಿಯವರೆಗೆ ನಡೆದು ಹೋಗಬಹುದು. ವಾಪಸ್ ಬರುವುದು ಹೇಗೆ? ತನ್ನದೇ ಹೆಜ್ಜೆಯ ಮೇಲೆ ಹಿಂದಕ್ಕೆ ನಡೆದು ಬಂದಳು. ದೂರಕ್ಕೆ ಸರಿಯಾಗಿಯೇ ಇತ್ತು, ಹತ್ತಿರ ಹೋದರೆ ಪ್ರತಿ ಗುರುತಿನ ಅಂಚೂ ಒಡೆದಿತ್ತು. ಎರಡನೇ ಕೊಲ್ಲಿಯಲ್ಲಿ ಹಲಗೆ ಹಾಸಿ ನೋಡಿದೆವು. ಹಲಗೆಯ ಗುರುತು ಬಿತ್ತು. ಮೂರನೇ ದಿನ ಬೆಳಿಗ್ಗೆ ಸಿದ್ಧ ಮಾಡಿಟ್ಟಿದ್ದ ಚೊಕ್ಕ ನೆಲದ ಮೇಲೆ ಐದು ಹಿಮಸಾರಂಗಗಳು ಆರಾಮಾಗಿ ನಡೆದುಹೋದವು. ಡೈರೆಕ್ಟರ್ ಹಿಮದ ಮೇಲೆ ಕೂತುಬಿಟ್ಟರು. ಅವರನ್ನು ಎಬ್ಬಿಸುವ ಮೊದಲು ಅವರು ಕೂತ ಜಾಗವನ್ನು ನಕ್ಷೆಯಲ್ಲಿ ಹಾಕಿಕೊಂಡೆ.

ದಾರಿ ತೋರಿಸಿದ್ದು ನಮಗೆ ಸ್ನೋಮೊಬೈಲ್ ಓಡಿಸುತ್ತಿದ್ದ, ಹಿಮಸಾರಂಗ ಸಾಕುವ ಮನೆಯ ಹಿರಿಯ ಹೆಂಗಸು. ನಮ್ಮ ಒದ್ದಾಟವನ್ನೆಲ್ಲ ಮೂರು ದಿನ ಮಾತಾಡದೆ ನೋಡಿದ್ದರು. ನಾಲ್ಕನೇ ದಿನ ಕೇಳಿದರು: "ಐಸ್ ಮೇಲೆ ಯಾಕೆ ನಿಲ್ಲಿಸಬಾರದು?" ಸರೋವರದ ಬಯಲಲ್ಲಿ ಗಾಳಿ ಕೆಲವು ಕಡೆ ಹಿಮವನ್ನೆಲ್ಲ ಗುಡಿಸಿ ಹಾಕಿ ಕರಿಯ ಮಂಜುಗಡ್ಡೆ ಬಿಟ್ಟಿರುತ್ತದೆ. ಹೆಜ್ಜೆ ಅದರ ಅಂಚಿನ ತನಕ ಬರುತ್ತದೆ, ಅಲ್ಲಿಗೆ ಮುಗಿಯುತ್ತದೆ. ನಟಿ ಐಸ್ ಮೇಲೆ ನಡೆದು ಫ್ರೇಮಿನಾಚೆ ಹೋದಳು. ಒಂದೇ ಟೇಕ್. ಕಥೆಗೂ ಅದೇ ಕೊನೆಗೆ ಉತ್ತರವಾಯಿತು. ಬರೆದವರು ಯೋಚಿಸಿದ್ದ ಉತ್ತರಕ್ಕಿಂತ ಎಷ್ಟೋ ವಾಸಿ ಅನ್ನುವುದು ನನ್ನ ಅಭಿಪ್ರಾಯ, ಅವರಿಗೆ ಹೇಳಿಲ್ಲ.

ಆ ಹಿರಿಯ ಹೆಂಗಸಿನಿಂದಲೇ ಕಲಿತ ಇನ್ನೆರಡು ಸಂಗತಿ. ಮಾರ್ಚ್, ಏಪ್ರಿಲ್‌ನಲ್ಲಿ ಹಗಲು ಹಿಮದ ಮೇಲ್ಮೈ ಕರಗಿ ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಬೆಳಿಗ್ಗೆ ಆ ಹೆಪ್ಪಿನ ಮೇಲೆ ಆಳು ಆರಾಮಾಗಿ ನಡೆಯಬಹುದು. ಫಿನ್ನಿಶ್‌ನಲ್ಲಿ ಇದಕ್ಕೆ ಹಂಕಿಕಂತೊ ಅನ್ನುತ್ತಾರೆ, ಆಳನ್ನು ಹೊರುವ ಹಿಮ ಅಂತ. ಮಧ್ಯಾಹ್ನದ ಹೊತ್ತಿಗೆ ಅದೇ ಹಿಮ ಕುಸಿದು ತೊಡೆತನಕ ಹೂತುಹೋಗುತ್ತೀರಿ. ಅಂದರೆ ಬೆಳಿಗ್ಗೆ ಆರಕ್ಕೆ ಬಂದವನಿಗೆ ಜಾಡೇ ಇಲ್ಲ, ಮಧ್ಯಾಹ್ನ ಎರಡಕ್ಕೆ ಬಂದವನಿಗೆ ಗುಂಡಿಗಳ ಸಾಲು. ಮಿಸ್ಟರಿ ಬರೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು? ಆದರೆ ಶೂಟಿಂಗ್ ಬೆಳಿಗ್ಗೆ ನಡೆದು, ಕಥೆಯಲ್ಲಿ ಮಧ್ಯಾಹ್ನ ಅಂತ ಇದ್ದರೆ ಕೆಟ್ಟಿತು.

ಎರಡನೆಯದು ನಾವು ಮಾಡಿದ ದೊಡ್ಡ ತಪ್ಪು. ತುಳಿದ ಜಾಗದಲ್ಲಿ ಹಿಮ ಒತ್ತಿ ಗಟ್ಟಿಯಾಗುತ್ತದೆ. ಆಮೇಲೆ ಗಾಳಿ ಬಂದರೆ ಸುತ್ತಲಿನ ಸಡಿಲ ಹಿಮ ಹಾರಿಹೋಗಿ, ಗಟ್ಟಿಯಾದ ಹೆಜ್ಜೆ ಮಾತ್ರ ಉಳಿಯುತ್ತದೆ. ಗುಳಿಯಾಗಿದ್ದ ಹೆಜ್ಜೆ ಉಬ್ಬಾಗುತ್ತದೆ, ಸಣ್ಣ ಸಣ್ಣ ಪೀಠಗಳ ಹಾಗೆ. ನೋಡಲು ಅದ್ಭುತ. ನಾವು ಮರುಳಾಗಿ ಅದನ್ನೇ ತೆಗೆದೆವು. ಸಿನಿಮಾದಲ್ಲಿ ತಂಗಿ ಅದನ್ನು ನೋಡಿ "ಒಂದು ಗಂಟೆ ಹಿಂದೆ ಹೋಗಿದ್ದಾನೆ" ಅನ್ನುತ್ತಾಳೆ. ರಶಸ್, ಅಂದರೆ ಇನ್ನೂ ಎಡಿಟ್ ಆಗದ ಶಾಟ್‌ಗಳನ್ನು, ನೋಡುತ್ತಾ ಆ ಹಿರಿಯರು ನಕ್ಕರು. "ಒಂದು ಗಂಟೆ ಅಲ್ಲ ಮಗಳೇ, ಗಾಳಿ ಬೀಸುವುದಕ್ಕೂ ಮುಂಚಿನ ಹೆಜ್ಜೆ ಅದು. ನಮ್ಮ ಕಡೆ ಮಕ್ಕಳಿಗೂ ಗೊತ್ತು." ಅಷ್ಟರಲ್ಲಿ ಹಿಮ ಕರಗಲು ಶುರುವಾಗಿತ್ತು. ಎರಡನೇ ಚಳಿಗಾಲ ಹೋಗಬೇಕಾಗಿ ಬಂದದ್ದು ಮುಖ್ಯವಾಗಿ ಇದಕ್ಕೇ.

ಮುಖ, ಉಸಿರು, ರೆಪ್ಪೆ

ಹೊರಗೆ ಬಂದು ಹತ್ತು ನಿಮಿಷಕ್ಕೆ ಕೂದಲ ತುದಿ ಬೆಳ್ಳಗಾಗುತ್ತದೆ. ಇಪ್ಪತ್ತು ನಿಮಿಷಕ್ಕೆ ರೆಪ್ಪೆ. ಗಡ್ಡ ಇದ್ದವರದ್ದು ಬೇರೆಯೇ ಕಥೆ. ಒಳಗೆ ಹೋದರೆ ಎರಡೇ ನಿಮಿಷಕ್ಕೆ ಎಲ್ಲ ನೀರು. ಅದಕ್ಕೆ ಪ್ರತಿ ಟೇಕ್‌ಗೂ ನಟರು ಎಷ್ಟು ಹೊತ್ತಿನಿಂದ ಹೊರಗಿದ್ದಾರೆ ಅಂತ ಬರೆಯಿರಿ. ಕ್ಲೋಸಪ್‌ಗೆ ಮೊದಲು ಅಷ್ಟೇ ಹೊತ್ತು ಹೊರಗೆ ನಿಲ್ಲಿಸಬೇಕಾಗುತ್ತದೆ. ಅವರು ನಿಮ್ಮನ್ನು ಶಪಿಸುತ್ತಾರೆ, ಶಪಿಸಲಿ. ಆದರೆ ಕೆನ್ನೆ, ಮೂಗಿನ ತುದಿ, ಕಿವಿ ಮೇಲೆ ಬಿಳಿ ಮಚ್ಚೆ ಕಂಡರೆ ಅದು ಹಿಮದ ಹುಡಿ ಅಲ್ಲ, ಚರ್ಮ ಹೆಪ್ಪುಗಟ್ಟುತ್ತಿದೆ ಅಂತ. ಕೂಡಲೇ ಶಾಟ್ ನಿಲ್ಲಿಸಿ ಒಳಗೆ ಕಳಿಸಿ. ಮುಖವನ್ನೇ ದಿಟ್ಟಿಸಿ ನೋಡುವ ಕೆಲಸ ನಮ್ಮದು, ಹಾಗಾಗಿ ಮೊದಲು ಕಾಣುವುದೂ ನಮಗೇ.

ಉಸಿರಿನ ಹೊಗೆಯೂ ಕಂಟಿನ್ಯುಟಿಯೇ. ಕಥೆಯಲ್ಲಿ ತಿಂಗಳಿಂದ ಯಾರೂ ಒಲೆ ಹಚ್ಚದ ಗುಡಿಸಲು ಇದ್ದರೆ ಅದರೊಳಗೆ ಉಸಿರು ಕಾಣಲೇಬೇಕು. ಬೆಚ್ಚಗಿನ ಸೆಟ್‌ನಲ್ಲಿ ತೆಗೆದರೆ ಕಾಣುವುದಿಲ್ಲ. ತಿರುಗುಮುರುಗೂ ಇದೆ: ಬೆಚ್ಚಗಿರಬೇಕಾದ ಮನೆಯನ್ನು ಚಳಿಯಲ್ಲಿ ತೆಗೆದರೆ ಉಸಿರು ಕಾಣುತ್ತದೆ. ಅದಕ್ಕೆ ಹಳೆಯ ಉಪಾಯ, ಟೇಕ್‌ಗೆ ಮೊದಲು ನಟರ ಬಾಯಿಗೆ ಒಂದು ಚೂರು ಐಸ್. ಬಾಯಿ ತಣ್ಣಗಾದರೆ ಹೊಗೆ ಕಮ್ಮಿ. ನಮ್ಮ ಹೀರೋಯಿನ್ ಇದನ್ನು ಮೈನಸ್ 18ರಲ್ಲಿ ನನ್ನ ಬಾಯಿಂದ ಕೇಳಿದಾಗ ನೋಡಿದ ನೋಟ ಮರೆಯಲಾರೆ.

ಹೆಣದ ಪಾತ್ರ ಮಾಡುವವರಿಗೆ ರೆಪ್ಪೆ ಮೇಲೆ ಹಿಮದ ಹುಡಿ ಇರಬೇಕು, ಉಸಿರು ಇರಬಾರದು. ಅಲ್ವಾ? ಅವರ ಪಕ್ಕದಲ್ಲಿ ಮಂಡಿಯೂರಿದ ಪೊಲೀಸನ ಉಸಿರು ಅವರ ಮುಖದ ಮೇಲೆ ತೇಲಿದರೂ ಹೆಣ ಉಸಿರಾಡಿದಂತೆ ಕಾಣುತ್ತದೆ. ಇದು ಎಡಿಟಿಂಗ್‌ನಲ್ಲಿ ಗೊತ್ತಾದದ್ದು. ಮಾನಿಟರ್ ಪಕ್ಕ ಕೂತಿದ್ದ ನನಗೆ ಗೊತ್ತಾಗಬೇಕಿತ್ತು.

ಮಂಜುಗಡ್ಡೆಯ ಮೇಲೆ

ಇದು ನನ್ನ ಕೆಲಸ ಅಲ್ಲ ಅನ್ನಬೇಡಿ. ಐಸ್ ಮೇಲೆ ಯಾರು ಎಲ್ಲಿ ನಿಲ್ಲುತ್ತಾರೆ ಅನ್ನುವ ನಕ್ಷೆ ಇರುವುದು ನಿಮ್ಮ ಕೈಯಲ್ಲೇ. ಅಲ್ಲಿನವರು ಹೇಳುವ ಲೆಕ್ಕ: ಗಟ್ಟಿ, ಪಾರದರ್ಶಕ ಐಸ್ 5 ಸೆಂಟಿಮೀಟರ್ ಇದ್ದರೆ ಒಬ್ಬ ಆಳು, 15 ಇದ್ದರೆ ಸ್ನೋಮೊಬೈಲ್, 20 ಇದ್ದರೆ ಕಾರು. ಬೆಳ್ಳಗಿನ, ಹಿಮ ನೆನೆದು ಹೆಪ್ಪುಗಟ್ಟಿದ ಐಸ್‌ಗೆ ಅದರ ಅರ್ಧದಷ್ಟೇ ಬಲ. ಒಬ್ಬ ಆಳು ಅಂದರೆ ಒಬ್ಬನೇ. ಕ್ಯಾಮೆರಾ, ಟ್ರೈಪಾಡ್, ಆರು ಜನ ಒಂದೇ ಕಡೆ ಗುಂಪುಗೂಡಿದರೆ ಆ ಲೆಕ್ಕ ನಡೆಯುವುದಿಲ್ಲ. ತೊರೆ ಸೇರುವ ಕಡೆ, ಇಕ್ಕಟ್ಟಾದ ಕಡೆ, ಜೊಂಡು ಬೆಳೆದ ಕಡೆ, ಸೇತುವೆಯ ಕೆಳಗೆ ಐಸ್ ತೆಳು. ಎಲ್ಲರ ಕೊರಳಿಗೂ ನಸ್ಕಾಲಿ ಹಾಕಿಸಿ. ದಾರ ಕಟ್ಟಿದ ಎರಡು ಹಿಡಿಗಳು, ತುದಿಯಲ್ಲಿ ಮೊಳೆ. ಬಿದ್ದರೆ ಐಸ್‌ಗೆ ಚುಚ್ಚಿಕೊಂಡು ಮೇಲೆ ಬರಲು. ಕಾಸ್ಟ್ಯೂಮ್‌ಗೆ ಹೊಂದುವುದಿಲ್ಲ ಅಂತ ನಟರ ಕೊರಳಿನಿಂದ ತೆಗೆಸಲು ಬರುತ್ತಾರೆ. ಜಾಕೆಟ್ ಒಳಗೆ ಇಡಿಸಿ, ತೆಗೆಸಬೇಡಿ.

ದಪ್ಪ ಐಸ್ ಇದ್ದರೂ ಇನ್ನೊಂದಿದೆ, ಉಹ್ಕು. ಹಿಮದ ಭಾರಕ್ಕೆ ಐಸ್ ತಗ್ಗಿ, ಬಿರುಕಿನಿಂದ ನೀರು ಮೇಲೆ ಬಂದು, ಹಿಮದ ಕೆಳಗೆ ಕೆಸರಿನಂತೆ ನಿಂತಿರುತ್ತದೆ. ಮೇಲಿಂದ ಏನೂ ಗೊತ್ತಾಗುವುದಿಲ್ಲ. ನಮ್ಮ ಸಾಮಾನಿನ ಸ್ಲೆಡ್ಜ್ ಅದರಲ್ಲಿ ಸಿಕ್ಕಿಕೊಂಡು ಅರ್ಧ ದಿನ ಹೋಯಿತು. ತುಳಿದ ಕಡೆಯೆಲ್ಲ ಬೂದು ಬಣ್ಣದ ಗುರುತು ಬೇರೆ. ಆ ಕೊಲ್ಲಿಯನ್ನು ಅಲ್ಲಿಗೇ ಬಿಟ್ಟೆವು.

ಉಪಕರಣದ ಬಗ್ಗೆ ಎಲ್ಲರೂ ಹೇಳುತ್ತಾರೆ, ಹಾಗಾಗಿ ಚುಟುಕಾಗಿ. ಬ್ಯಾಟರಿ ಮೈಗೆ ತಾಗುವ ಜೇಬಿನಲ್ಲಿರಲಿ. ತಣ್ಣಗಿರುವ ಲಿಥಿಯಂ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕಬೇಡಿ, ಮೊದಲು ಬೆಚ್ಚಗಾಗಲಿ. ಕ್ಯಾಮೆರಾವನ್ನು ಒಳಗೆ ತರುವ ಮೊದಲು ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಇಲ್ಲದಿದ್ದರೆ ಲೆನ್ಸ್ ಒಳಗೆಲ್ಲ ನೀರು ಕೂರುತ್ತದೆ. ನಾವು ರಾತ್ರಿ ಕ್ಯಾಮೆರಾವನ್ನು ಬೀಗ ಹಾಕಿದ ತಣ್ಣನೆಯ ಶೆಡ್‌ನಲ್ಲೇ ಬಿಡುತ್ತಿದ್ದೆವು. ಕಂಟಿನ್ಯುಟಿಗೆ ಇನ್‌ಸ್ಟಂಟ್ ಫೋಟೋ ಬಳಸುವವರಾದರೆ, ಫೋಟೋ ಹೊರಬಂದ ಕೂಡಲೇ ಅಂಗಿಯ ಒಳಜೇಬಿಗೆ ಹಾಕಿಕೊಳ್ಳಿ. ಚಳಿಯಲ್ಲಿ ಬಣ್ಣ ಸರಿಯಾಗಿ ಬರುವುದಿಲ್ಲ. ಮತ್ತೆ, ಬೆಳಿಗ್ಗೆ ಗುಡ್ಡದ ಮೇಲೆ ಥರ್ಮಾಮೀಟರ್ ನೋಡಿ ಮೋಸ ಹೋಗಬೇಡಿ. ಗಾಳಿಯಿಲ್ಲದ ದಿನ ತಣ್ಣನೆ ಗಾಳಿ ತಗ್ಗಿನಲ್ಲಿ ಕೂತಿರುತ್ತದೆ. ಗುಡ್ಡದಲ್ಲಿ ಮೈನಸ್ 15 ಇದ್ದ ದಿನ ಕೆಳಗೆ ಸರೋವರದಲ್ಲಿ ಮೈನಸ್ 29 ಇದ್ದದ್ದನ್ನು ನಾನೇ ಬರೆದಿಟ್ಟಿದ್ದೇನೆ.

ಹಿಮಕ್ಕೂ ದನಿ ಇದೆ

ಸೌಂಡ್‌ನವರ ಜೊತೆ ಸ್ನೇಹ ಬೆಳೆಸಿ. ಹಿಮದ ಮೇಲೆ ನಡೆದ ಸದ್ದು ಚಳಿ ಹೆಚ್ಚಾದಷ್ಟೂ ಏರುತ್ತದೆ. ಸೊನ್ನೆಯ ಹತ್ತಿರ ಮೆತ್ತಗೆ, ಮೈನಸ್ 10 ದಾಟಿದರೆ ಕಿರಗುಟ್ಟಲು ಶುರು, ಮೈನಸ್ 25ರಲ್ಲಿ ಹಳೆ ಬಾಗಿಲಿನ ಹಾಗೆ ಕಿರುಚುತ್ತದೆ. ಒಂದೇ ಸೀನಿನ ಎರಡು ಶಾಟ್‌ಗಳ ನಡುವೆ ಚಳಿ ಹತ್ತು ಡಿಗ್ರಿ ಇಳಿದರೆ ನಟಿ ಬೂಟು ಬದಲಾಯಿಸಿದಂತೆ ಕೇಳಿಸುತ್ತದೆ. ಅದಕ್ಕೆ ಪ್ರತಿ ಟೇಕ್‌ನ ಪಕ್ಕ ಡಿಗ್ರಿ ಬರೆಯಿರಿ. ಆಮೇಲೆ ಸ್ಟುಡಿಯೋದಲ್ಲಿ ಹೆಜ್ಜೆ ಸದ್ದು ಮಾಡುವವರು ಬಟ್ಟೆ ಅಥವಾ ಚರ್ಮದ ಚೀಲದಲ್ಲಿ ಕಾರ್ನ್‌ಫ್ಲೋರ್ ತುಂಬಿ ಹಿಸುಕುತ್ತಾರೆ. ಎಷ್ಟು ಒಣ, ಎಷ್ಟು ಗಟ್ಟಿ ಅಂತ ನಿಮ್ಮ ಕಾಲಂ ನೋಡಿಯೇ ಅವರಿಗೆ ಗೊತ್ತಾಗಬೇಕು.

ರಾತ್ರಿ ಚಳಿ ಏರಿದಾಗ ಸರೋವರ ಸದ್ದು ಮಾಡುತ್ತದೆ. ಐಸ್ ಬಿರಿದು ಗುಡುಗುತ್ತದೆ, ಒಮ್ಮೊಮ್ಮೆ ತಂತಿ ಮೀಟಿದಂತೆ "ಪ್ಯೂಂ" ಅಂತ ದೂರ ಓಡುತ್ತದೆ. ಮೇಲಿನ ಸ್ವರ ಐಸ್‌ನಲ್ಲಿ ಬೇಗ ಓಡಿ ಮೊದಲು ತಲುಪುತ್ತದೆ, ತಗ್ಗಿನದು ಹಿಂದೆ ಬರುತ್ತದೆ, ಅದಕ್ಕೇ ಆ ಜಾರುವ ದನಿ. ನಮ್ಮ ಡೈರೆಕ್ಟರ್ ಮೊದಲ ರಾತ್ರಿ ಕೇಳಿ, ಹಾಕಿಸಬೇಕೆಂದಿದ್ದ ಹಿನ್ನೆಲೆ ಸಂಗೀತದಲ್ಲಿ ಅರ್ಧ ತೆಗೆಸಿಬಿಟ್ಟರು. ನೀವು ಮಾತ್ರ ನೈಲಾನ್ ಜಾಕೆಟ್ ಹಾಕಿಕೊಂಡು ಮೈಕ್ ಪಕ್ಕ ನಿಲ್ಲಬೇಡಿ. ಮೇಲಿನ ಪದರವೂ ಉಣ್ಣೆಯದಾಗಿರಲಿ.

ಅಲ್ಲಿನವರು

ಇನಾರಿ ಖಾಲಿ ಜಾಗ ಅಲ್ಲ. ಕ್ಯಾಮೆರಾದಲ್ಲಿ ಖಾಲಿ ಕಾಣುತ್ತದೆ, ಅಷ್ಟೇ. ಅದು ಸಾಮಿ ಎಂಬ ಮೂಲನಿವಾಸಿ ಜನರ ನೆಲ. ಆ ಮುನಿಸಿಪಾಲಿಟಿಗೆ ನಾಲ್ಕು ಅಧಿಕೃತ ಭಾಷೆ: ಫಿನ್ನಿಶ್, ಉತ್ತರ ಸಾಮಿ, ಇನಾರಿ ಸಾಮಿ, ಸ್ಕೋಲ್ಟ್ ಸಾಮಿ. ಬೋರ್ಡ್ ಬರೆಸುವಾಗ ಇದು ನೆನಪಿರಲಿ. ಬಟ್ಟೆಯ ವಿಷಯದಲ್ಲಂತೂ ಜಾಸ್ತಿ ಜಾಗ್ರತೆ. ಸಾಮಿ ಉಡುಪಿನ ಪಟ್ಟಿ, ಬಣ್ಣ, ಟೋಪಿಯ ಆಕಾರ ನೋಡಿ ಯಾವ ಕಡೆಯವರು ಅಂತ ಗೊತ್ತಾಗುತ್ತದೆ. ಚೆಂದ ಕಾಣುತ್ತದೆ ಅಂತ ಯಾರಿಗೋ ತೊಡಿಸಿದರೆ ಅದು ಅವಮಾನ. ಮಿಸ್ಟರಿಯಲ್ಲಿ ಅದು ಸುಳ್ಳು ಸುಳಿವೂ ಹೌದು. ಊರಲ್ಲಿ ಸೀದಾ ಎಂಬ ಸಾಮಿ ಮ್ಯೂಸಿಯಂ ಇದೆ. ಕಾಸ್ಟ್ಯೂಮ್‌ನವರನ್ನು ಮೊದಲ ದಿನವೇ ಅಲ್ಲಿಗೆ ಕರೆದುಕೊಂಡು ಹೋಗಿ. ಅದಕ್ಕಿಂತ ಒಳ್ಳೆಯದು, ಸಾಮಿ ಪಾತ್ರಕ್ಕೆ ಸಾಮಿ ನಟರನ್ನೇ ಕರೆಯಿರಿ, ಏನು ತೊಡಬೇಕು ಅಂತ ಅವರನ್ನೇ ಕೇಳಿ.

ಅಲ್ಲಿ ಓಡಾಡುವ ಹಿಮಸಾರಂಗ ಕಾಡುಪ್ರಾಣಿಯಲ್ಲ. ಪ್ರತಿಯೊಂದಕ್ಕೂ ಒಡೆಯರಿದ್ದಾರೆ, ಕಿವಿಯಲ್ಲಿ ಕೊಯ್ದ ಗುರುತಿದೆ. ಡ್ರೋನ್ ಹಾರಿಸುವ ಮೊದಲು ಆ ಕಡೆಯ ಹಿಂಡಿನವರನ್ನು ಕೇಳಿ. ಚಳಿಗಾಲದ ಕೊನೆಯಲ್ಲಿ ಬಸುರಿ ಹಿಮಸಾರಂಗಗಳನ್ನು ಬೆದರಿಸಿ ಓಡಿಸಿದರೆ ಅವಕ್ಕೆ ಜೀವಕ್ಕೇ ತೊಂದರೆ. ಫಿನ್ಲೆಂಡಿನಲ್ಲಿ ಕಾಡಲ್ಲಿ ನಡೆಯಲು ಯಾರ ಅಪ್ಪಣೆಯೂ ಬೇಡ. ಆದರೆ ಬೆಂಕಿ ಹಾಕಲು, ನೆಲದ ಮೇಲೆ ಸ್ನೋಮೊಬೈಲ್ ಓಡಿಸಲು ಜಾಗದವರ ಅನುಮತಿ ಬೇಕು. ಅಲ್ಲಿ ಬಹುಪಾಲು ನೆಲ ಸರ್ಕಾರದ್ದು, ಮೆಟ್ಸಾಹಲ್ಲಿತುಸ್ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಅನುಮತಿ ಪತ್ರದ ಪ್ರತಿ ನಿಮ್ಮ ಫೈಲಿನಲ್ಲೂ ಇರಲಿ.

ಜನವರಿಯಲ್ಲಿ ಊರಲ್ಲಿದ್ದರೆ ಸ್ಕಾಬ್ಮಗೋವತ್ ನೋಡಿ. ಮೂಲನಿವಾಸಿಗಳ ಸಿನಿಮಾ ಹಬ್ಬ, 1999ರಿಂದ ನಡೆಯುತ್ತಿದೆ. ಹಿಮದಿಂದಲೇ ಕಟ್ಟಿದ ಬಯಲು ಥಿಯೇಟರ್‌ನಲ್ಲಿ ಸಿನಿಮಾ ತೋರಿಸುತ್ತಾರೆ, ಹಿಮವೇ ಪರದೆ. ಆ ಪ್ರೇಕ್ಷಕರ ಜೊತೆ ಒಂದು ಸಂಜೆ ಕೂತರೆ ಯಾವ ಹೆಜ್ಜೆ ಸುಳ್ಳು ಅಂತ ತಿಳಿಯುತ್ತದೆ.

ಮುಂದಿನ ವರ್ಷ ಮತ್ತೆ ಬರಬೇಕಾದರೆ

ಬರಬೇಕಾಗುತ್ತದೆ ಅಂತಲೇ ತಿಳಿದು ಮೊದಲ ವರ್ಷವೇ ಸಿದ್ಧವಾಗಿ. ಪ್ರತಿ ಜಾಗದಲ್ಲೂ ಸೆಂಟಿಮೀಟರ್ ಗುರುತು ಹಾಕಿದ ಕೋಲು ನೆಟ್ಟು ಹಿಮದ ಆಳ ಬರೆಯಿರಿ. ನೆಟ್ಟ ಕೋಲಿನ ಜೊತೆಗೇ ಫೋಟೋ ತೆಗೆಯಿರಿ. ಹಿನ್ನೆಲೆಯ ಮರಗಳಲ್ಲಿ ಯಾವುದರ ಮೇಲೆ ಎಷ್ಟು ಹಿಮ ಕೂತಿದೆ ಅಂತಲೂ ಫೋಟೋ ಬೇಕು. ಗಾಳಿ ಬಂದ ಮರುದಿನ ಅದೆಲ್ಲ ಉದುರಿ ಕಾಡು ಕಪ್ಪಾಗುತ್ತದೆ, ಹೊಂದುವುದೇ ಇಲ್ಲ. ಕ್ಯಾಮೆರಾ ಇಟ್ಟ ಜಾಗದ ಜಿಪಿಎಸ್ ಅಂಕಿ, ಲೆನ್ಸಿನ ಎತ್ತರ, ದಿಕ್ಕು. ಹಿಮದ ಮಟ್ಟ ಬದಲಾದರೆ ಎತ್ತರವೂ ಬದಲಾಗುತ್ತದೆ, ಆದ್ದರಿಂದ ಎತ್ತರವನ್ನು ಹಿಮದಿಂದಲ್ಲ, ಬಂಡೆಯಿಂದಲೋ ಬೇಲಿ ಕಂಬದಿಂದಲೋ ಅಳೆಯಿರಿ. ಇದು ನಾನು ಮಾಡಿರಲಿಲ್ಲ.

ಮೊದಲ ವರ್ಷ ಆ ದಡದಲ್ಲಿ 62 ಸೆಂಟಿಮೀಟರ್ ಹಿಮ ಇತ್ತು. ಎರಡನೇ ವರ್ಷ ಹೋದಾಗ 41. ಬೇಲಿಯ ಒಂದು ಅಡ್ಡಗೋಲು ಜಾಸ್ತಿ ಕಾಣುತ್ತಿತ್ತು. ಬೇಲಿಯ ಬುಡಕ್ಕೆ ಹಿಂದಿನಿಂದ ಹಿಮ ತಂದು ಒತ್ತಿ ಆ ಅಡ್ಡಗೋಲನ್ನು ಮುಚ್ಚಿದೆವು, ಒಂದು ರಾತ್ರಿ ಹೊಸ ಹಿಮ ಬೀಳಲು ಕಾದೆವು. ಬೆಳಿಗ್ಗೆ ಗಾಳಿ ಇರಲಿಲ್ಲ. ಸ್ನೋಮೊಬೈಲ್ ಓಡಿಸುವ ಹಿರಿಯರು ದೂರದಲ್ಲೇ ಇಂಜಿನ್ ಆರಿಸಿ ನಡೆದು ಬಂದರು, ನನ್ನ ನಕ್ಷೆಯ ಖಾಲಿ ಜಾಗದಲ್ಲೇ ಕಾಲಿಟ್ಟುಕೊಂಡು. ಅನುಮಾನದ ಮನುಷ್ಯ ದಡದಿಂದ ಕಾಡಿನ ತನಕ ನಡೆದ. ಹೆಜ್ಜೆ ಗುಳಿಯಾಗಿ, ಅಂಚು ಚೂಪಾಗಿ ಬಿತ್ತು. ಅವರು ಬಗ್ಗಿ ಒಂದನ್ನು ನೋಡಿ, "ಈಗ ಇದು ಒಂದು ಗಂಟೆ ಹಿಂದಿನ ಹೆಜ್ಜೆ" ಅಂದರು. ನಾನು ಬರೆದುಕೊಂಡೆ: ಟೇಕ್ 1, ಮೈನಸ್ 6, ಗಾಳಿ ಇಲ್ಲ, 12:40, ನೆರಳು ಬಡಗಣಕ್ಕೆ.